ಚಪ್ಪಲಿ ಮೆಟ್ಟುವಾಗಿನ ಮಾತು: ದೂರದ ಮನೋವಿಶ್ಲೇಷಣೆ, ಭಾವವರ್ಗಾವಣೆ ಮತ್ತು ವಿಶ್ಲೇಷಕರ ತರಬೇತಿ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಮನೋವಿಶ್ಲೇಷಣೆಯ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು ಎಂದು ನೀವು ಕೇಳಿದಾಗ ನನಗೆ ಮೊದಲು ನೆನಪಾದವರು ಡಾ. ಎಂ. ಶಿವರಾಂ. ಹಾಸ್ಯಪತ್ರಿಕೆ ‘ಕೊರವಂಜಿ’ಯ ರಾಶಿ ಎಂದು ನಾಡು ಬಲ್ಲ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಯ ಮಾತನ್ನು ಮನೆಮಾತಿನಲ್ಲೇ ಆಡಬಹುದು ಎಂಬ ಧೈರ್ಯ ನನ್ನಂಥವರಿಗೆ ಬಂದದ್ದು ಅಂಥ ಹಿರಿಯರಿಂದ.

ಚಿಕಿತ್ಸಕರು ಒಂದು ಊರಿನಲ್ಲಿ, ಹೇಳಿಕೊಳ್ಳುವವರು ಇನ್ನೊಂದು ಊರಿನಲ್ಲಿ. ನಡುವೆ ಒಂದು ಫೋನು, ಇಲ್ಲವೇ ಒಂದು ಪರದೆ. ವಾರಕ್ಕೆ ಮೂರು ನಾಲ್ಕು ಸಲ, ವರ್ಷಗಟ್ಟಲೆ, ಹೀಗೆ ನಡೆಯುವ ಮನೋವಿಶ್ಲೇಷಣೆಯಲ್ಲಿ ಭಾವವರ್ಗಾವಣೆಗೆ ಏನಾಗುತ್ತದೆ? ಹೀಗೇ ಕಲಿತು ಹೊರಬರುವ ವಿಶ್ಲೇಷಕರು ಎಂಥವರಾಗುತ್ತಾರೆ? ನಾನು ಮುಟ್ಟಿರುವ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಭಾವವರ್ಗಾವಣೆ ದೂರಕ್ಕೆ ಹೆದರುವುದಿಲ್ಲ, ಅದು ಎಲ್ಲಿ ಬೇಕಾದರೂ ಹುಟ್ಟುತ್ತದೆ. ಹುಟ್ಟಿದ ಗಂಟನ್ನು ಬಿಡಿಸುವಾಗ ಇಬ್ಬರೂ ಕೂತ ಒಂದು ಕೋಣೆ ಮಾಡಿಕೊಡುವ ಉಪಕಾರ ದೊಡ್ಡದು. ಆದ್ದರಿಂದ ಚಿಕಿತ್ಸೆಯನ್ನು ದೂರದಿಂದ ಕೊಡಬಹುದು, ಎಷ್ಟೋ ಸಲ ಕೊಡಲೇಬೇಕು. ಚಿಕಿತ್ಸಕರನ್ನು ಪೂರ್ತಿ ದೂರದಿಂದಲೇ ತಯಾರು ಮಾಡುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಭಾವವರ್ಗಾವಣೆ ಎಂದರೇನು ಎಂದು ಹೊಸಬರಿಗೆ ಹೇಳಬೇಕು. ಕಚೇರಿಯಲ್ಲಿ ಹೊಸ ಮೇಲಧಿಕಾರಿ ಒಳಗೆ ಕರೆದರೆ ಐವತ್ತು ದಾಟಿದವರಿಗೂ ಅಂಗೈ ಬೆವರುವುದುಂಟು. ಎದುರಿಗಿರುವುದು ಆ ಅಧಿಕಾರಿಯಾದರೂ ಬೆವರು ಹುಟ್ಟಿದ್ದು ನಲವತ್ತು ವರ್ಷದ ಹಿಂದೆ, ಮಗ್ಗಿ ತಪ್ಪಿದಾಗ ಕಣ್ಣು ಕೆಂಪು ಮಾಡುತ್ತಿದ್ದ ಯಾರದೋ ಮುಂದೆ. ಬಾಲ್ಯದ ಪ್ರೀತಿ, ಭಯ, ಹಟ, ಮುನಿಸು ಇವೆಲ್ಲ ತಮ್ಮ ಹಳೆಯ ವಿಳಾಸ ಬಿಟ್ಟು ಈಗಿನ ಒಬ್ಬರ ಮನೆಬಾಗಿಲಿಗೆ ಬಂದು ನಿಲ್ಲುವುದೇ ಭಾವವರ್ಗಾವಣೆ. ಬದುಕಿನಲ್ಲಿ ಅದು ಗುರುತು ಸಿಗದೆ ದಾಟಿಹೋಗುತ್ತದೆ. ವಿಶ್ಲೇಷಣೆಯಲ್ಲಿ ಅದನ್ನು ಕೂರಿಸಿ, ನೀನು ಯಾರಿಗಾಗಿ ಬಂದೆ ಎಂದು ಕೇಳುತ್ತೇವೆ.

ಇದರ ಬೆಲೆ ಮನೋವಿಶ್ಲೇಷಣೆಯನ್ನು ಕಟ್ಟಿದ ಫ್ರಾಯ್ಡ್‌ಗೆ ತಿಳಿದದ್ದು ಸೋಲಿನಿಂದ. ಡೋರಾ ಎಂಬ ಮರೆಹೆಸರಿನ ಹದಿನೆಂಟರ ಹುಡುಗಿ 1900ರ ಡಿಸೆಂಬರ್ 31ರಂದು, ಸುಮಾರು ಮೂರು ತಿಂಗಳ ಚಿಕಿತ್ಸೆಯ ನಂತರ, ಇನ್ನು ಬರುವುದಿಲ್ಲ ಎಂದು ಹೇಳಿ ಹೊರಟುಹೋದಳು. ಅವಳು ತನ್ನ ಮೇಲೆ ಹೊರಿಸಿದ್ದ ಬೇರೊಬ್ಬರ ಮೇಲಿನ ಸೇಡನ್ನು ತಾನು ಸಮಯಕ್ಕೆ ಗುರುತಿಸಲಿಲ್ಲ ಎಂದು 1905ರಲ್ಲಿ ಆ ಪ್ರಕರಣವನ್ನು ಪ್ರಕಟಿಸುವಾಗ ಅವರು ಒಪ್ಪಿಕೊಂಡರು. ಇಡೀ ತಂತ್ರ ಬೆಳೆದದ್ದು ಆ ಹುಡುಗಿ ಎದ್ದುಹೋದ ಬಾಗಿಲಿನಿಂದ ಎಂದು ನನಗೆ ಅನ್ನಿಸುತ್ತದೆ. ಎದ್ದುಹೋಗಲು ಅವಳಿಗೆ ಒಂದು ಬಾಗಿಲಿತ್ತು. ಈ ಮಾತಿಗೆ ಮತ್ತೆ ಬರುತ್ತೇನೆ.

ದೂರದಿಂದ ನಡೆಯುವ ವಿಶ್ಲೇಷಣೆ ಹೊಸದೇನಲ್ಲ. ಫ್ರಾಯ್ಡ್ ತಮ್ಮನ್ನು ತಾವೇ ವಿಶ್ಲೇಷಿಸಿಕೊಂಡದ್ದರ ದೊಡ್ಡ ಭಾಗ ವಿಯೆನ್ನಾದಿಂದ ಬರ್ಲಿನ್ನಿನ ಗೆಳೆಯ ವಿಲ್‌ಹೆಲ್ಮ್ ಫ್ಲೀಸ್‌ಗೆ ಬರೆದ ಕಾಗದಗಳಲ್ಲಿದೆ. 1909ರಲ್ಲಿ ಪ್ರಕಟವಾದ ‘ಪುಟ್ಟ ಹಾನ್ಸ್’ ಪ್ರಕರಣದಲ್ಲಿ ಕುದುರೆಗೆ ಹೆದರುತ್ತಿದ್ದ ಐದು ವರ್ಷದ ಹುಡುಗನಿಗೆ ಚಿಕಿತ್ಸೆ ಮಾಡಿದ್ದು ಅವನ ತಂದೆ. ತಂದೆ ವರದಿ ಮಾಡುತ್ತಿದ್ದರು, ಫ್ರಾಯ್ಡ್ ಸಲಹೆ ಕೊಡುತ್ತಿದ್ದರು, ಚಿಕಿತ್ಸೆಯ ಅವಧಿಯಲ್ಲಿ ಆ ಹುಡುಗನನ್ನು ಅವರು ಕಂಡದ್ದು ಒಂದೇ ಸಲ. 1912ರಲ್ಲಿ ವೈದ್ಯರಿಗೆ ಬರೆದ ಸಲಹೆಗಳಲ್ಲಿ, ವಿಶ್ಲೇಷಕನ ಸುಪ್ತಮನಸ್ಸು ಹೇಳುವವನ ಸುಪ್ತಮನಸ್ಸಿನ ಕಡೆಗೆ ಹೇಗೆ ತಿರುಗಿರಬೇಕು ಎನ್ನುವುದಕ್ಕೆ ಅವರು ಆರಿಸಿದ ಹೋಲಿಕೆ ಟೆಲಿಫೋನಿನದು. ಕೇಳುವ ತುದಿಯ ಉಪಕರಣ ಮಾತಾಡುವ ತುದಿಗೆ ಹೊಂದಿಕೊಳ್ಳುವಂತೆ ಎಂದರು. ಅದೇ ವರ್ಷ ಭಾವವರ್ಗಾವಣೆಯ ಮೇಲೆ ಬರೆದ ಲೇಖನದಲ್ಲಿ, ಎದುರಿಗಿಲ್ಲದ ಶತ್ರುವನ್ನೋ ಅವನ ಬೊಂಬೆಯನ್ನೋ ಹೊಡೆದು ಗೆಲ್ಲಲಾಗದು ಎಂಬ ಅರ್ಥದ ಮಾತು ಬರುತ್ತದೆ. ಅವರು ಅಲ್ಲಿ ಹೇಳುತ್ತಿದ್ದುದು ಹಳೆಯ ಭಾವಗಳನ್ನು ಕುರಿತು: ಅವು ನೆನಪಾಗಿ ಬಂದರೆ ಸಾಲದು, ಈಗ, ಇಲ್ಲಿ ಜೀವ ತಳೆದು ಬರಬೇಕು. ಈ ‘ಇಲ್ಲಿ’ ಎಷ್ಟು ಅಗಲ ಎಂಬುದೇ ಇಂದಿನ ನಮ್ಮ ಜಗಳ.

ಭಾರತದ ಮನೋವಿಶ್ಲೇಷಣೆಯ ಹುಟ್ಟೇ ದೂರದಲ್ಲಾಯಿತು. ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ ದಮನದ ಕುರಿತ ತಮ್ಮ ಪುಸ್ತಕವನ್ನು ಫ್ರಾಯ್ಡ್‌ಗೆ ಕಳಿಸಿದರು, 1921ರಲ್ಲಿ ಉತ್ತರ ಬಂತು. 1922ರಲ್ಲಿ ಅವರ ಪಾರ್ಸಿಬಾಗಾನ್ ಲೇನಿನ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಶುರುವಾಯಿತು. ಇಬ್ಬರ ನಡುವೆ ವರ್ಷಗಟ್ಟಲೆ ಕಾಗದ ಓಡಾಡಿತು. ಒಂದು ದಿನವೂ ಮುಖ ನೋಡಲಿಲ್ಲ. ಫ್ರಾಯ್ಡರನ್ನು ಕಾಣದ ಜತೀಂದ್ರಕುಮಾರ ಸೇನ್ ಎಂಬ ಕಲಾವಿದ ಊಹೆಯಿಂದ ಬರೆದ ಅವರ ಚಿತ್ರವೊಂದು ಕಲ್ಕತ್ತೆಯಿಂದ ವಿಯೆನ್ನಾಕ್ಕೆ ಹೋಯಿತು. 1931ರಲ್ಲಿ, ಫ್ರಾಯ್ಡ್‌ಗೆ 75 ತುಂಬಿದಾಗ, ಸಂಘ ದಂತದ ವಿಷ್ಣುವಿನ ವಿಗ್ರಹ ಕಳಿಸಿತು, ಅದು ಅವರ ಮೇಜಿನ ಮೇಲೆ ಕೂತಿತು. ಕಾಣದವರ ಮುಖವನ್ನು ಮನಸ್ಸಿನಲ್ಲಿ ಬರೆದುಕೊಂಡು ಅದಕ್ಕೆ ಕಾಗದ ಬರೆಯುವುದು! ಭಾವವರ್ಗಾವಣೆಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ. ಆದರೂ ಬೋಸ್ ಫ್ರಾಯ್ಡ್ ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ತನ್ನ ಭಾರತೀಯ ರೋಗಿಗಳಲ್ಲಿ ಹೆಣ್ಣಾಗುವ ಬಯಕೆ ಹೆಚ್ಚು ತೆರೆದು ಕಾಣುತ್ತದೆ, ಶಿಶ್ನಚ್ಛೇದದ ಭಯ ಯುರೋಪಿನವರಷ್ಟು ಕಾಣುವುದಿಲ್ಲ ಎಂದು ಬರೆದರು. ಗುರುವಿನ ಮನೆಯಲ್ಲೇ ಇದ್ದಿದ್ದರೆ ಈ ಮಾತು ಬಾಯಿಗೆ ಬರುತ್ತಿತ್ತೋ ಇಲ್ಲವೋ. ದೂರ ಕೊಡುವ ಸ್ವಾತಂತ್ರ್ಯ ಒಂದುಂಟು ಎಂಬುದನ್ನು, ನನ್ನ ವಾದಕ್ಕೆ ಅಡ್ಡ ಬಂದರೂ, ಮರೆಯಲಾರೆ.

ಇನ್ನು 2020ಕ್ಕೆ ಬರುತ್ತೇನೆ. ಕೋವಿಡ್ ಕಾರಣಕ್ಕೆ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು, ಅದೇ ದಿನಾಂಕದಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಹೊರಬಂತು. ಅದಕ್ಕೆ ಮೊದಲು ಫೋನಿನಲ್ಲಿ ವಿಶ್ಲೇಷಣೆ ಮಾಡುವವರು ಇರಲಿಲ್ಲವೆಂದಲ್ಲ. ವಿಶ್ಲೇಷಕ ಲಿಯಾನ್ ಸಾಲ್ 1951ರಲ್ಲೇ ಫೋನನ್ನು ತಂತ್ರದ ನೆರವಾಗಿ ಬಳಸುವ ಬಗ್ಗೆ ಚಿಕ್ಕ ಟಿಪ್ಪಣಿ ಬರೆದಿದ್ದರು. ಮಾರ್ಚ್ ಕೊನೆಯ ವಾರದಲ್ಲಾದರೋ ಆಯ್ಕೆಯೇ ಉಳಿಯಲಿಲ್ಲ. ಬೆಂಗಳೂರಿನ ನನ್ನ ಕೋಣೆಯ ಬಾಗಿಲು ಮುಚ್ಚಿ, ಎಲ್ಲರಿಗೂ ಫೋನ್ ಮಾಡಿ, ನಾಳೆಯಿಂದ ಹೀಗೇ ಮುಂದುವರಿಸೋಣ ಎಂದೆ. ನಿಲ್ಲಿಸುವುದಕ್ಕಿಂತ ಅದು ಸಾವಿರ ಪಾಲು ಮೇಲಾಗಿತ್ತು, ಈಗಲೂ ಹಾಗೇ ಅನ್ನಿಸುತ್ತದೆ.

ಮೊದಲು ಕೈತಪ್ಪಿದ್ದು ಮೌನ. ಕೋಣೆಯಲ್ಲಿ ಒಬ್ಬರು ಮಾತು ನಿಲ್ಲಿಸಿದರೆ ಅದಕ್ಕೆ ಬಣ್ಣವಿರುತ್ತದೆ, ಉಸಿರು ಬಿಗಿಯಾದದ್ದೋ, ಮೈ ಸಡಿಲವಾದದ್ದೋ, ಕೋಪವೋ, ನಿದ್ದೆಯೋ. ಫೋನಿನಲ್ಲಿ ಹತ್ತು ಸೆಕೆಂಡು ಸದ್ದಿಲ್ಲವಾದರೆ ಯಾರಾದರೂ ಒಬ್ಬರು ಕೇಳಿಬಿಡುತ್ತಾರೆ: “ಹಲೋ, ಕೇಳಿಸ್ತಾ ಇದೆಯಾ?” ಹೇಳಲಾರದ ಮಾತೊಂದು ಗಂಟಲವರೆಗೆ ಬಂದಿರುತ್ತದೆ, ಆ ‘ಹಲೋ’ ಅದನ್ನು ಒಳಕ್ಕೆ ನೂಕಿಬಿಡುತ್ತದೆ. ಮುಂದೆ ಎಲ್ಲ ಅಡ್ಡಿಗೂ ನೆಟ್‌ವರ್ಕೇ ಹೊಣೆಯಾಯಿತು. ತಡವಾಗಿ ಬಂದದ್ದು, ಮಾತು ತಪ್ಪಿ ಕೇಳಿದ್ದು, ಅಳುವಾಗ ಚಿತ್ರ ನಿಂತುಹೋದದ್ದು. ಮಾತು ಹೊರಬಾರದಂತೆ ಮನಸ್ಸೇ ಒಡ್ಡುವ ಅಡ್ಡಿಗೆ, ಪ್ರತಿರೋಧ ಎಂದು ನಾವು ಕರೆಯುವುದಕ್ಕೆ, ಇಷ್ಟು ಸೊಗಸಾದ ಅಡಗುತಾಣ ಹಿಂದೆಂದೂ ಸಿಕ್ಕಿರಲಿಲ್ಲ. ಅದು ರೋಗಿಗೆ ಸಿಕ್ಕಂತೆ ನನಗೂ ಸಿಕ್ಕಿತು ಎಂದು ಹೇಳದಿದ್ದರೆ ಅಪ್ರಾಮಾಣಿಕಳಾಗುತ್ತೇನೆ.

ಎರಡನೆಯದು ಬಾಗಿಲು. ನಮ್ಮ ಕಡೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತೇವಲ್ಲ. ಐವತ್ತು ನಿಮಿಷ ಏನೇನೋ ಹೇಳಿ, ಎದ್ದು, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ, “ಅಂದ ಹಾಗೆ ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದಿತ್ತು” ಎನ್ನುವವರು ಎಷ್ಟು ಜನ! ಆ ದಿನದ ಮುಖ್ಯ ಮಾತು ಅದೇ. ಪರದೆಯಲ್ಲಿ ಹೊಸ್ತಿಲಿಲ್ಲ. ಕೆಂಪು ಗುಂಡಿ ಒತ್ತಿದರೆ ಮುಗಿಯಿತು. ಕಣ್ಣೊರೆಸಿಕೊಂಡು ಎರಡು ಹೆಜ್ಜೆ ಇಟ್ಟರೆ ಅಡುಗೆಮನೆ, ಕುಕ್ಕರ್ ಕೂಗುತ್ತಿರುತ್ತದೆ. ಬರುವ ದಾರಿಯ ಬಸ್ಸಿನಲ್ಲಿ ಮನಸ್ಸು ತಯಾರಾಗುವುದು, ಹೋಗುವ ದಾರಿಯಲ್ಲಿ ಕೇಳಿದ್ದು ಒಳಗಿಳಿಯುವುದು, ಇವು ಚಿಕಿತ್ಸೆಯ ಭಾಗವೆಂದು ನಾವು ಲೆಕ್ಕ ಹಾಕಿರಲೇ ಇಲ್ಲ. ಅರ್ಜೆಂಟೀನಾದ ವಿಶ್ಲೇಷಕ ಹೋಸೆ ಬ್ಲೆಗರ್ 1967ರ ಲೇಖನದಲ್ಲಿ ತೋರಿಸಿದ್ದು ಇದನ್ನೇ. ಚಿಕಿತ್ಸೆಯ ಚೌಕಟ್ಟು ಸರಿಯಾಗಿರುವ ತನಕ ಮೂಕವಾಗಿರುತ್ತದೆ. ಮುರಿದಾಗಲೇ ಅದರೊಳಗೆ ಏನೆಲ್ಲ ಹೂತಿತ್ತೆಂದು ತಿಳಿಯುತ್ತದೆ.

ಚೌಕಟ್ಟು ಮುರಿದ ಮೇಲೆ ಅದನ್ನು ಹೊರುವ ಭಾರವೂ ಜಾಗ ಬದಲಿಸಿತು. ಬಾಗಿಲು ಹಾಕಿದ, ಯಾರೂ ಒಳಗೆ ಬಾರದ ಕೋಣೆಯನ್ನು ಒದಗಿಸುವುದು ನನ್ನ ಕೆಲಸವಾಗಿತ್ತು. ಈಗ ಅದನ್ನು ರೋಗಿ ತಾನೇ ಹುಡುಕಿಕೊಳ್ಳಬೇಕು. ಎರಡು ಕೋಣೆಯ ಮನೆಯಲ್ಲಿ ಆರು ಜನ ಇರುವಾಗ ಎಲ್ಲಿ ಹುಡುಕಬೇಕು? ಒಬ್ಬಾಕೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತು ಮಾತಾಡುತ್ತಿದ್ದರು, ಕಿಟಕಿ ಏರಿಸಿ, ಬೆವರುತ್ತಾ. (ಈ ಉಪನ್ಯಾಸದಲ್ಲಿ ಬರುವ ಎಲ್ಲರ ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ.) ಅವರು ಅತ್ತೆಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ, ಗಂಡ ಒಳ್ಳೆಯವರು ಎಂದಷ್ಟೇ ಹೇಳುತ್ತಿದ್ದರು. ಗೋಡೆಗೆ ಕಿವಿ ಇದೆ ಎಂಬ ಗಾದೆ ಅವರ ಬಾಯನ್ನು ಕಾರಿನವರೆಗೂ ಹಿಂಬಾಲಿಸಿತ್ತು.

ಅದೇ ಹೆಂಗಸು ಹದಿನಾಲ್ಕು ತಿಂಗಳ ನಂತರ ಮೊದಲ ಸಲ ನನ್ನ ಕೋಣೆಗೆ ಬಂದರು. ಬಾಗಿಲಲ್ಲೇ ನಿಂತು, “ಮೇಡಂ, ನೀವು ಉದ್ದ ಇದ್ದೀರಿ ಅಂದ್ಕೊಂಡಿದ್ದೆ” ಎಂದರು. ಉದ್ದ ಇದ್ದವರು ಅವರನ್ನು ಸಾಕಿದ ಸೋದರತ್ತೆ. ಅಷ್ಟು ದಿನವೂ ನನಗೆ ಸೋದರತ್ತೆಯ ಎತ್ತರವಿತ್ತು, ಬಹುಶಃ ಸೋದರತ್ತೆಯ ಕಣ್ಣೂ ಇತ್ತು, ನನ್ನ ಮುಂದೆ ಅವರು ದೂರು ಹೇಳದಿದ್ದುದು ಅದಕ್ಕೇ. ಭಾವವರ್ಗಾವಣೆ ಫೋನಿನಲ್ಲಿ ಚೆನ್ನಾಗಿಯೇ ಬೇರುಬಿಟ್ಟಿತ್ತು. ಬೇರು ಕಣ್ಣಿಗೆ ಬಿದ್ದದ್ದು ಮಾತ್ರ ಐದಡಿಯ ನಾನು ಬಾಗಿಲು ತೆರೆದಾಗ.

ಚಿಕಿತ್ಸಕಿ ಗಿಲಿಯನ್ ಐಸಾಕ್ಸ್ ರಸೆಲ್ 2015ರಲ್ಲಿ ಪರದೆಯ ಸಂಬಂಧಗಳ ಮೇಲೆ ಬರೆದ ಪುಸ್ತಕದಲ್ಲಿ ಒಂದು ಒರೆಗಲ್ಲು ಇಡುತ್ತಾರೆ. ಕೋಣೆಯಲ್ಲಿರುವ ಇಬ್ಬರಿಗೆ ಮುತ್ತಿಡುವ ಅಥವಾ ಒದೆಯುವ ಸಾಧ್ಯತೆ ನಿಜವಾಗಿಯೂ ಇರುತ್ತದೆ, ಪರದೆಯ ಎರಡು ಬದಿಗೆ ಇರುವವರಿಗೆ ಇರುವುದಿಲ್ಲ. ಎರಡನ್ನೂ ನಾವು ಮಾಡುವುದಿಲ್ಲ. ಆದರೆ ಮಾಡಬಹುದಾಗಿದ್ದರೂ ಮಾಡದೆ ಉಳಿದೆವು ಎಂಬುದರಲ್ಲೇ ಬಯಕೆಗೂ ಕೋಪಕ್ಕೂ ಭಾಷೆ ಸಿಗುತ್ತದೆ. ಜಿಲ್ ಸ್ಯಾವೇಜ್ ಶಾರ್ಫ್ ಅವರಂಥ ವಿಶ್ಲೇಷಕರು ಇದಕ್ಕೆ ವಿರುದ್ಧವಾಗಿ, ದೂರದಲ್ಲೂ ಆಳವಾದ ವಿಶ್ಲೇಷಣೆ ಸಾಧ್ಯವೆಂದು ಪ್ರಕರಣಗಳನ್ನು ಮುಂದಿಟ್ಟಿದ್ದಾರೆ. ನನ್ನ ಅನುಭವ ಇಬ್ಬರಿಗೂ ಅರ್ಧರ್ಧ ಸಾಕ್ಷಿ ಹೇಳುತ್ತದೆ. ಇನ್ನೊಂದು ಚಿಕ್ಕ ಸಂಗತಿ. ದಿನಕ್ಕೆ ಎಂಟು ಗಂಟೆ ಯಾರಾದರೂ ದಿಟ್ಟಿಸುವುದನ್ನು ತಾಳಲಾರೆ ಎಂದು ಫ್ರಾಯ್ಡ್ ರೋಗಿ ಮಲಗಿದ ಮಂಚದ ಹಿಂದೆ ಕೂತರು. ವಿಡಿಯೋ ನಮ್ಮನ್ನು ಮತ್ತೆ ಮುಖಾಮುಖಿ ತಂದಿತು, ಸಾಲದ್ದಕ್ಕೆ ಮೂಲೆಯಲ್ಲಿ ನಮ್ಮದೇ ಮುಖ. ಹಾಗಾಗಿ ನಾನು ವಿಡಿಯೋ ಬಿಟ್ಟು ಬರೀ ಧ್ವನಿಗೆ ಬಂದೆ. ಮಂಚಕ್ಕೆ ಅದೇ ಹತ್ತಿರ.

ಈಗ ದೂರದ ಪರವಾಗಿ ನನಗೆ ಗೊತ್ತಿರುವ ಅತ್ಯಂತ ಬಲವಾದ ಸಾಕ್ಷಿ. ಅಮೆರಿಕದಲ್ಲಿ ನೆಲೆಸಿದ ಒಬ್ಬರು ಅಲ್ಲಿಯೇ ನಾಲ್ಕು ವರ್ಷ, ಮುಖಾಮುಖಿ, ಇಂಗ್ಲಿಷಿನಲ್ಲಿ ಚಿಕಿತ್ಸೆ ಪಡೆದಿದ್ದರು. ತಂದೆ ಬಹಳ ಕಟ್ಟುನಿಟ್ಟು ಎಂದು ಇಂಗ್ಲಿಷಿನಲ್ಲಿ ಹೇಳಿ ಹೇಳಿ ಆ ಮಾತು ಸವೆದುಹೋಗಿತ್ತು. ನನ್ನೊಂದಿಗೆ ಫೋನಿನಲ್ಲಿ ಮೂರನೆಯ ವಾರ, “ಬಾಸುಂಡೆ ಬರೋ ಹಾಗೆ ಹೊಡೀತಿದ್ರು” ಎಂದರು. ಬಾಸುಂಡೆ ಎಂದ ಕೂಡಲೇ ಮಾತು ನಿಂತಿತು. ಸಮುದ್ರದಾಚೆ ಒಬ್ಬ ನಡುವಯಸ್ಸಿನ ಗಂಡಸು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಆ ಪದಕ್ಕೆ ಚರ್ಮವಿತ್ತು.

ಕೆಲವು ತಿಂಗಳ ನಂತರ ನಾನೇನೋ ತಪ್ಪಾಗಿ ಅರ್ಥಮಾಡಿಕೊಂಡಾಗ ಅವರ ಬಾಯಿಂದ ಹೊರಟದ್ದು: “ನಿನಗೇನು ಗೊತ್ತು?” ಮರುಕ್ಷಣವೇ “ಸಾರಿ ಮೇಡಂ, ನಿಮಗೆ ಅಂತ ಹೇಳಬೇಕಿತ್ತು.” ಅವರ ಮನೆಯಲ್ಲಿ ಅಪ್ಪನಿಗೆ ಬಹುವಚನ, ಅಮ್ಮನಿಗೆ ಏಕವಚನ. ಅಷ್ಟೂ ದಿನ ಅಪ್ಪನ ಮೇಲೆ ಕಟ್ಟಿದ ಖಟ್ಲೆಯ ಹಿಂದೆ, ಹೊಡೆತ ಬೀಳುವಾಗ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ಅಮ್ಮನ ಮೇಲಿನ ಕೋಪ ಆ ‘ನಿನಗೆ’ಯಲ್ಲಿ ಹೊರಬಂತು. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಅಲ್ಲಿ ಆ ಹೆಜ್ಜೆ ಜಾರುವುದಕ್ಕೆ ಮೆಟ್ಟಿಲೇ ಇಲ್ಲ. ಎದುರಿಗೆ ಕೂತ ಪರಭಾಷೆಗಿಂತ ದೂರದ ಮನೆಮಾತು ಆ ಮನುಷ್ಯನಿಗೆ ಹೆಚ್ಚು ಹತ್ತಿರವಾಗಿತ್ತು. ನಮ್ಮ ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಬೇರೆ ಬಗೆಯ ಸೇವೆ, ವಿಶ್ಲೇಷಣೆಯಲ್ಲ. ಆದರೂ ಕರೆ ಮಾಡಿದವರಿಗೆ ಅವರ ನುಡಿಯಲ್ಲಿ ಉತ್ತರ ಸಿಗಬೇಕೆಂದು ಅಲ್ಲಿ ಮೊದಲೇ ಯೋಚಿಸಿದ್ದು ನನಗೆ ಸಂತೋಷದ ಸಂಗತಿ. ರಾಯಚೂರಿನ ಹುಡುಗನಿಗೂ ಡಲ್ಲಾಸಿನ ಕನ್ನಡತಿಗೂ ಕೋಣೆಗೇ ಬನ್ನಿ ಎಂದು ಹಟ ಹಿಡಿಯುವುದು ಚಿಕಿತ್ಸೆ ನಿರಾಕರಿಸಿದಂತೆ.

ಹಾಗಿದ್ದರೆ ತರಬೇತಿಯನ್ನೂ ದೂರದಿಂದ ಮಾಡಬಾರದೇಕೆ?

ಮ್ಯಾಕ್ಸ್ ಐಟಿಂಗನ್ ಮತ್ತು ಗೆಳೆಯರು 1920ರಲ್ಲಿ ಬರ್ಲಿನ್ನಿನಲ್ಲಿ ತೆರೆದ ಚಿಕಿತ್ಸಾಲಯದಲ್ಲಿ ರೂಪುಗೊಂಡ ತರಬೇತಿಗೆ ಮೂರು ಕಾಲು: ಅಭ್ಯರ್ಥಿ ತಾನೇ ವಿಶ್ಲೇಷಣೆಗೆ ಒಳಗಾಗುವುದು, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವುದು, ಪಾಠ. ಇಂದಿಗೂ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘ ಒಪ್ಪುವ ಮಾದರಿಗಳಲ್ಲಿ ಮುಖ್ಯವಾದದ್ದು ಇದು. ವಾರಕ್ಕೆ ನಾಲ್ಕೈದು ಸಲ ಎಂದಿದ್ದ ಸ್ವಂತ ವಿಶ್ಲೇಷಣೆಯನ್ನು ಮೂರರಿಂದ ಐದು ಎಂದು 2017ರಲ್ಲಿ ಸಡಿಲಿಸಿದರು. ವಿಶ್ಲೇಷಕರಿಲ್ಲದ ದೇಶದವರು ಕೆಲವು ವಾರ ಹೋಗಿ ಇದ್ದು, ದಿನವೂ ವಿಶ್ಲೇಷಣೆ ಪಡೆದು, ಊರಿಗೆ ಮರಳುವ ಪದ್ಧತಿ ಪೂರ್ವ ಯುರೋಪಿನಲ್ಲಿ 1989ರ ನಂತರ ಬಹಳ ನಡೆಯಿತು. ಎಲೀಸ್ ಸ್ನೈಡರ್ ಕಟ್ಟಿದ ಚೀನಾ ಅಮೆರಿಕನ್ ಸೈಕೋಅನಲಿಟಿಕ್ ಅಲಯನ್ಸ್ ಸ್ಕೈಪ್ ಮೂಲಕ ಚೀನಾದ ಚಿಕಿತ್ಸಕರಿಗೆ ಪಾಠ, ಮೇಲ್ವಿಚಾರಣೆ, ವಿಶ್ಲೇಷಣೆ ಎಲ್ಲವನ್ನೂ ಕೊಟ್ಟಿತು. ಕೋವಿಡ್‌ನಲ್ಲಿ ಜಗತ್ತೇ ಆ ದಾರಿ ಹಿಡಿಯಿತು.

ಪಾಠ ದೂರದಿಂದ ಆಗಲಿ, ಅದರಲ್ಲಿ ನನಗೆ ತಕರಾರಿಲ್ಲ. ಮೇಲ್ವಿಚಾರಣೆಯೂ ಬಹುಪಾಲು ಆಗಬಹುದು. ಅಭ್ಯರ್ಥಿಯ ಸ್ವಂತ ವಿಶ್ಲೇಷಣೆಯ ಪ್ರಶ್ನೆ ಬೇರೆ. ಅಲ್ಲಿ ಭಾವವರ್ಗಾವಣೆಗೆ ಎರಡು ಹೊರೆ. ಆ ವಿಶ್ಲೇಷಕರು ತಂದೆ ತಾಯಿಯೂ ಹೌದು, ನಾಳೆ ನಾನು ಆಗಬೇಕಾದವರೂ ಹೌದು. ಅವರನ್ನು ದೇವರ ಪೀಠಕ್ಕೆ ಏರಿಸುವ ಆಸೆ ಬಲವಾಗಿರುತ್ತದೆ. ಆ ಪೀಠವನ್ನು ಸವೆಸುವುದು ದಿನದಿನದ ಸಣ್ಣ ಸಂಗತಿಗಳು, ದೂರ ಅವನ್ನು ಶೋಧಿಸಿ ಹಾಕಿಬಿಡುತ್ತದೆ. ನ್ಯೂಯಾರ್ಕಿನ ಹಿರಿಯರು ಚೀನಾದ ಚೆಂಗ್ಡುವಿನ ಕಿರಿಯರಿಗೆ ಇಂಗ್ಲಿಷಿನಲ್ಲಿ ಕಿವಿಗೊಡುವಾಗ ದೂರದ ಜೊತೆಗೆ ಭಾಷೆಯ ಅಧಿಕಾರವೂ ಸೇರುತ್ತದೆ. ಬೋಸ್ ಅದನ್ನು ಮೀರಿದರು ನಿಜ, ಆದರೆ ಎಲ್ಲರನ್ನೂ ಬೋಸ್ ಎಂದುಕೊಂಡು ತರಬೇತಿಯ ನಿಯಮ ಬರೆಯಲಾಗದು. ಅವರ ಕಾಗದಗಳಲ್ಲಿ ಅವರೇನೂ ರೋಗಿಯಾಗಿರಲಿಲ್ಲ, ಸಮಾನ ವಿದ್ವಾಂಸರಾಗಿದ್ದರು.

ನನ್ನ ವಿಶ್ಲೇಷಣೆ ಬೇರೊಂದು ಊರಿನಲ್ಲಿ ನಡೆಯಿತು. ಮೂರನೆಯ ವರ್ಷದ ಒಂದು ಸಂಜೆ ಕರೆಂಟು ಹೋಯಿತು. ಹಿಂದೆ ಕೂತಿದ್ದ ನನ್ನ ವಿಶ್ಲೇಷಕಿ ಮೇಣದಬತ್ತಿ ಹಚ್ಚಲು ಎದ್ದರು. ಏಳುವಾಗ ಅವರ ಮಂಡಿ ಲಟಕ್ ಎಂದಿತು. ಅಷ್ಟೇ. ಮಲಗಿದ್ದ ನನಗೆ, ಇವರಿಗೆ ವಯಸ್ಸಾಗಿದೆ, ಇವರು ಒಂದು ದಿನ ಸಾಯುತ್ತಾರೆ ಎಂದು ಹೊಳೆದು ಕೈಕಾಲು ತಣ್ಣಗಾಯಿತು. ಅದಕ್ಕೂ ಮೊದಲು ಮೂರು ವರ್ಷ ಅವರಿಗೆ ವಯಸ್ಸೇ ಇರಲಿಲ್ಲ. ಚಿಕ್ಕಂದಿನಲ್ಲಿ ತೀರಿಕೊಂಡ ನನ್ನ ಅಜ್ಜಿಯ ಬಗ್ಗೆ ನಾನು ಮೊದಲ ಸಲ ಅತ್ತದ್ದು ಮುಂದಿನ ವಾರ. ಮಂಡಿಯ ಆ ಸದ್ದನ್ನು ಯಾವ ಮೈಕಾದರೂ ಗದ್ದಲವೆಂದು ಅಳಿಸಿಹಾಕುತ್ತಿತ್ತು. ಇಂದು ನನ್ನ ರೋಗಿಯೊಬ್ಬರು ಫೋನಿನಲ್ಲಿ ಉಸಿರು ಹಿಡಿದಾಗ ಅದು ನನಗೆ ಕೇಳಿಸುತ್ತದೆಯಾದರೆ, ಉಸಿರು ಹಿಡಿಯುವುದು ಹೇಗಿರುತ್ತದೆಂದು ಕೋಣೆಯಲ್ಲಿ, ನನ್ನ ಮೈಯಲ್ಲಿ ಕಲಿತದ್ದರಿಂದ. ವಿಶ್ಲೇಷಕಿ ಪೌಲಾ ಹೈಮನ್ 1950ರಲ್ಲಿ, ವಿಶ್ಲೇಷಕನಲ್ಲಿ ಏಳುವ ಭಾವಗಳೇ ರೋಗಿಯನ್ನು ಅರಿಯುವ ಸಾಧನವೆಂದು ತೋರಿಸಿದರು. ಆ ಸಾಧನವನ್ನು ಶ್ರುತಿಮಾಡುವುದು ಹತ್ತಿರ ಕೂತು. ಶ್ರುತಿ ಹಿಡಿದ ಮೇಲೆ ತಂಬೂರಿಯನ್ನು ರೇಡಿಯೋದಲ್ಲೂ ನುಡಿಸಬಹುದು.

ಡೋರಾಳ ಬಾಗಿಲಿಗೆ ಮತ್ತೆ ಬರುತ್ತೇನೆ ಎಂದಿದ್ದೆ. ಅಭ್ಯರ್ಥಿಗೆ ಎದ್ದುಹೋಗುವ ಬಾಗಿಲು ಇರಬೇಕು, ಎದ್ದುಹೋದದ್ದು ವಿಶ್ಲೇಷಕರಿಗೆ ಮೈಗೆ ತಟ್ಟಬೇಕು. ಖಾಲಿಯಾದ ಮಂಚದ ಎದುರು ಐವತ್ತು ನಿಮಿಷ ಕೂತಿರುವುದಕ್ಕೂ, ಯಾರೂ ಸೇರದ ಕರೆಯನ್ನು ಮುಚ್ಚಿ ಇಮೇಲ್ ನೋಡುವುದಕ್ಕೂ ಇರುವ ಅಂತರವನ್ನು ತರಬೇತಿ ಪಡೆಯುವವರು ಒಮ್ಮೆಯಾದರೂ ಅನುಭವಿಸಬೇಕು.

ನಮ್ಮ ರಾಜ್ಯದವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಭಾರತದಲ್ಲಿ ಈ ತರಬೇತಿ ಬೆಳೆದದ್ದು ಕೋಲ್ಕತ್ತದಲ್ಲಿ, ಆಮೇಲೆ ಮುಂಬೈ, ದೆಹಲಿಗಳಲ್ಲಿ. ಕಳೆದ ವರ್ಷ ಕಲಬುರಗಿಯ ಯುವ ಮನಶ್ಶಾಸ್ತ್ರಜ್ಞೆಯೊಬ್ಬರು ನನ್ನನ್ನು ಕೇಳಿದರು: “ನಾನು ಊರು ಬಿಡಲೇಬೇಕಾ, ಮೇಡಂ?” ನಾನು ಹೇಳಿದ್ದು ಇದು. ಮೊದಲ ಒಂದು ವರ್ಷವಾದರೂ ವಿಶ್ಲೇಷಕರಿರುವ ಊರಿನಲ್ಲಿ ಇರಿ. ಆಮೇಲೆ ಫೋನಿನಲ್ಲಿ ಮುಂದುವರಿಸಿ, ವರ್ಷಕ್ಕೆ ಎರಡು ಸಲ ಮೂರು ಮೂರು ವಾರ ಹೋಗಿ ದಿನವೂ ಕೋಣೆಯಲ್ಲಿ ಕೂತು ಬನ್ನಿ. ಮೊದಲ ರೋಗಿಯನ್ನು ಕಲಬುರಗಿಯಲ್ಲೇ, ಎದುರಿಗೇ ನೋಡಿ. ವಿಶ್ಲೇಷಕರನ್ನು ಆರಿಸುವಾಗ ಅವರಿಗೆ ಕನ್ನಡ ಬರುತ್ತದೆಯೇ ಎಂದು ಕೇಳಿ. ಅಂಥವರು ಸಿಗದಿದ್ದರೆ ಕನ್ನಡದಲ್ಲೇ ಅತ್ತುಬಿಡಿ, ಅರ್ಥ ಕೇಳಿದರೆ ಆಮೇಲೆ ಹೇಳಿ.

ಅವರು ಎಲ್ಲವನ್ನೂ ಬರೆದುಕೊಂಡರು. ಬರೆದು ಮುಗಿಸಿ, ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ಕೇಳಿದರು: “ಆ ವರ್ಷ ನನ್ನ ಮಗಳನ್ನ ಯಾರು ನೋಡ್ಕೋತಾರೆ?”

ದತ್ತಿಯ ಹಿರಿಯರು ಉಪನ್ಯಾಸದ ನಂತರ ವರ್ಷದ ಬಡ್ಡಿ ಹಣವನ್ನು ಹೇಗೆ ಬಳಸುವುದೆಂದು ಚರ್ಚಿಸಲಿದ್ದಾರೆ ಎಂದು ಕೇಳಿದ್ದೇನೆ. ಆ ತಾಯಿ ಮತ್ತು ಮಗಳಿಗೆ ಪರವೂರಿನಲ್ಲಿ ಒಂದು ವರ್ಷದ ಬಾಡಿಗೆ ಕೋಣೆಗೆ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ನಾನು ಬರೆದು ತಂದಿದ್ದೇನೆ. ಅಧ್ಯಕ್ಷರ ಮೇಜಿನ ಮೇಲೆ ಇಟ್ಟು ಹೋಗುತ್ತೇನೆ.